ಲೀನಾಳ ಕೂದಲಿನ ರಿಪೋರ್ಟು

ಹಾಲೆಂಡಿನ ಸ್ಕಿಪೋಲ್ ವಿಮಾನ ನಿಲ್ದಾಣದಿಂದ ಸುರಿನಾಮ್‌ನ ಪಾರಾಮಾರಿಬೊಗೆ ಒಂಬತ್ತು ತಾಸು. ಅಲ್ಲಿಂದ ದಕ್ಷಿಣದ ಕಾಡಿಗೆ ಪುಟ್ಟ ವಿಮಾನ. ಹತ್ತುವ ಮೊದಲು ಚೀಲಗಳ ಜೊತೆ ನಮ್ಮನ್ನೂ ತೂಗಿದರು.

"ನೀನೊಬ್ಳೇ ಮೂರು ಚೀಲ ಮಾರಾಯ್ತಿ," ಎಂದ ಗಂಡ ಪ್ರಕಾಶ. ಆಗಿನ್ನೂ ನನಗೆ ನಗು ಬರುತ್ತಿತ್ತು.

ತಾಸಿನ ನಂತರ ಹುಲ್ಲಿನ ಪಟ್ಟಿಯ ಮೇಲೆ ಇಳಿದೆವು. ವಯಾನಾ ಬುಡಕಟ್ಟಿನವರ ಊರು, ಪಕ್ಕದಲ್ಲೇ ನದಿ. ಊರಮನೆಯ ಸೂರಿನೊಳಗೆ ಬಣ್ಣದ ದುಂಡು ಹಲಗೆ, ಅದರ ತುಂಬ ಎರಡು ತಲೆಯ ಹುಳುಗಳ ಚಿತ್ರ. ನಮ್ಮನ್ನು ತನ್ನ ಮನೆಯಲ್ಲಿ ಉಳಿಸಿಕೊಂಡ ಲೀನಾ ಏಳು ತಿಂಗಳ ಬಸುರಿ. ಪಟ್ಟಣದಲ್ಲಿ ಓದಿದವಳು, ಡಚ್ ಚೆನ್ನಾಗಿ ಬರುತ್ತಿತ್ತು. ಮೊರದಗಲದ ಮರಗೆಣಸಿನ ರೊಟ್ಟಿ ಕೊಟ್ಟು, ಮೀನು ಹೆಚ್ಚಲು ಕೂತಳು. ನಾನು ಮಲ್ಪೆಯವಳು. ಮೀನು ಕಂಡದ್ದೇ ಚೀಲದಿಂದ ಮಸಾಲೆ ಪೊಟ್ಟಣ ತೆಗೆದೆ.

ನಮ್ಮ ಜೊತೆ ಬಂದಿದ್ದ ಗೈಡ್ ತಡೆದ. "ನಿಮಗೆ ಟಿನ್ ಮೀನು ತಂದಿದ್ದೀವಿ ಮೇಡಂ. ನದೀದು ಬೇಡ. ಮೇಲ್ಗಡೆ ಚಿನ್ನ ತೆಗೆಯೋರು ಪಾದರಸ ಬಿಡ್ತಾರೆ."

"ಮತ್ತೆ ಇವಳು ತಿನ್ನೋದು?"

"ಇವರಿಗೆ ಅಭ್ಯಾಸ."

ಅಭ್ಯಾಸವಂತೆ! ವಿಷ ಯಾರಿಗಾದರೂ ಅಭ್ಯಾಸವಾಗುತ್ತದೆಯೇ? ಟಿನ್‌ಗಳನ್ನೆಲ್ಲ ಲೀನಾಳ ಕಡೆ ತಳ್ಳಿದೆ. "ನೀವು ನಾಡಿದ್ದು ಹೋಗ್ತೀರಿ. ಆಮೇಲೆ?" ಎಂದಳು. ಎದುರೆದುರು ಕೂತು ನಾನು ಟಿನ್ ಮೀನು ತಿಂದೆ, ಅವಳು ನದಿಯ ಮೀನು ತಿಂದಳು.

ಹೊರಡುವ ದಿನ ಒಂದು ಚೀಟಿ ಕೊಟ್ಟಳು. ಹಾಲೆಂಡಿನ ಪ್ರಯೋಗಾಲಯದ ಹೆಸರು, ಕೆಳಗೆ ಅವಳ ಸ್ಯಾಂಪಲ್ ನಂಬರು. "ಮೂರು ಸಲ ಬಂದು ನಮ್ಮ ಕೂದಲು ಕತ್ತರಿಸ್ಕೊಂಡು ಹೋದ್ರು, ಪಾದರಸ ನೋಡ್ಲಿಕ್ಕೆ ಅಂತ. ಒಂದ್ಸಲವೂ ರಿಪೋರ್ಟ್ ಬರ್ಲಿಲ್ಲ. ಮಗೂಗೆ ನನ್ನ ಹಾಲು ಕೊಡ್ಬಹುದಾ, ಅಲ್ಲಿ ಕೇಳ್ತೀರಾ?" ರಿಪೋರ್ಟ್ ನನ್ನ ಕೈಗೆ ಕೊಡಬಹುದೆಂದು ಚೀಟಿಯ ಹಿಂದೆಯೇ ಒಪ್ಪಿಗೆ ಬರೆದು ಸಹಿ ಹಾಕಿದಳು.

ಹಾಲೆಂಡಿನಲ್ಲಿ ನಾವಿರುವ ಬಾಡ್‌ಹೂವೆಡಾರ್ಪ್‌ಗೆ ಮರಳಿದ ಮರುದಿನವೇ ಪ್ರಕಾಶನ ಜೊತೆ ಆ ಪ್ರಯೋಗಾಲಯಕ್ಕೆ ಹೋದೆ. ಕೌಂಟರಿನ ಹುಡುಗಿ ಚೀಟಿಯನ್ನು ಮುಟ್ಟಲೂ ಇಲ್ಲ.

"ಅವರ ನಾಗರಿಕ ನಂಬರ್ ಹೇಳಿ, ಮೇಡಂ."

"ಅವಳು ಈ ದೇಶದವಳಲ್ಲ."

"ಹಾಗಾದ್ರೆ ಕೊಡೋಕಾಗಲ್ಲ. ಪ್ರೈವಸಿ. ಅವರೇ ಬಂದು ಕೇಳಬಹುದು."

"ಕೂದಲು ಕತ್ತರಿಸುವಾಗ ಕೇಳಿದ್ರಾ ಆ ನಂಬರ್?"

ಅವಳು ನಗುತ್ತ ಕಾಫಿ ಮಷೀನ್ ಕಡೆ ಕೈ ತೋರಿಸಿದಳು. ನಾನು ಕೂಗಾಡಿದೆ, ಕನ್ನಡದಲ್ಲೂ. ಪ್ರಕಾಶ ತೋಳು ಹಿಡಿದು ಹೊರಗೆ ಕರೆತಂದ. ಆಮೇಲೆ ನಾಲ್ಕು ಪತ್ರ ಬರೆದೆ. ನಾಲ್ಕಕ್ಕೂ ಅದೇ ಉತ್ತರ.

ಮೊನ್ನೆ ಗೈಡ್‌ನ ಫೋನಿನಿಂದ ಲೀನಾಳ ಮೆಸೇಜ್ ಬಂತು: "ಹೆಣ್ಣು ಮಗು. ತುಂಬಾ ಅಳ್ತಿತ್ತು, ಹಾಲು ಕೊಟ್ಟುಬಿಟ್ಟೆ. ಏನಂದ್ರು ಅಲ್ಲಿ?"

ಆ ಮೆಸೇಜಿಗೆ ಗೈಡ್‌ನ ಫೋನಿನಲ್ಲಿ ಎರಡು ನೀಲಿ ಟಿಕ್ ಮೂಡಿ ಎರಡು ದಿನವಾಯಿತು. ನಾನು ಓದಿದ್ದೇನೆಂದು ಅವಳಿಗೆ ಗೊತ್ತು.