ಹಾಡೋರಿಲ್ಲದ ರೆಕಾರ್ಡು

ಮೊನ್ನೆ ಮೊಮ್ಮಗಳು ಹಳೆಯ ಎಲ್‌ಪಿ ರೆಕಾರ್ಡೊಂದನ್ನು ಕೊಂಡು ತಂದಳು. ಕವರಿನಿಂದ ತೆಗೆದಾಗ ಮುಗ್ಗಲು ರಟ್ಟಿನ ವಾಸನೆ ಬಂತು. "ಇದ್ರಲ್ಲಿ ಹಾಡೋರು ಯಾರೂ ಇಲ್ಲ ಅಜ್ಜಿ, ಬರೀ ವಾದ್ಯ. ಸೋಲ್, ಜಾಝ್, ಫಂಕ್ ಅಂತ ಮೂರು ಥರದ ಫಾರಿನ್ ಮ್ಯೂಸಿಕ್ ಸೇರ್ಸಿದಾರೆ," ಅಂದಳು. ಮುಳ್ಳು ಇಟ್ಟ ಕೂಡಲೇ ತುತ್ತೂರಿಯ ದನಿ ಎದ್ದಿತು... ಅಂಥ ದನಿ ನಾನು ಹಿಂದೆ ಕೇಳಿದ್ದೆ.

ಎಪ್ಪತ್ತರ ದಶಕದಲ್ಲಿ ನೆಲಮಂಗಲದ ನನ್ನ ತವರುಮನೆಯ ಗೋಡೆಗೆ ಅಂಟಿಕೊಂಡೇ ಒಂದು ಮೈಕ್ ಸೆಟ್ಟಿನ ಅಂಗಡಿ ಇತ್ತು. ಅಂಗಡಿಯವರನ್ನು ನಾನು ಅಣ್ಣ ಎನ್ನುತ್ತಿದ್ದೆ. ಮದುವೆಮನೆಗೆ ಹೊರಡುವ ಮುಂಚೆ ಅವರು ಇಂಥದ್ದೇ ಒಂದು ಫಾರಿನ್ ರೆಕಾರ್ಡು ಹಾಕಿ ಸ್ಪೀಕರ್ ಪರೀಕ್ಷಿಸುತ್ತಿದ್ದರು. "ಹಾಡಿದ್ರೆ ಮನಸ್ಸು ಮಾತಿನ ಕಡೆ ಹೋಗುತ್ತೆ ಕಣಮ್ಮ. ಇದ್ರಲ್ಲಾದ್ರೆ ಸೌಂಡ್ ಎಲ್ಲಿ ಒಡೀತು ಅಂತ ಗೊತ್ತಾಗುತ್ತೆ." ಹಿತ್ತಿಲಲ್ಲಿ ಅಕ್ಕಿ ಆರಿಸುತ್ತಾ ಕೇಳಿ ಕೇಳಿ ನನಗೆ ಅದರ ಹುಚ್ಚು ಹಿಡಿಯಿತು. ಮೊರದ ಮೇಲೆ ತಾಳ ಹಾಕಿ ಅಮ್ಮನಿಂದ ಬೈಸಿಕೊಳ್ಳುತ್ತಿದ್ದೆ.

ನನ್ನ ಮದುವೆಗೂ ಅವರದೇ ಮೈಕ್ ಸೆಟ್ಟು. ಊಟದ ಹೊತ್ತಿಗೆ ಅದನ್ನೇ ಹಾಕಿ ಎಂದು ಪೀಡಿಸಿದೆ. "ಶುಭಕಾರ್ಯಕ್ಕೆ ಬ್ಯಾಡಮ್ಮ," ಅಂದರು. ನಾನು ಬಿಡಲಿಲ್ಲ.

ನಮ್ಮ ಪಂಕ್ತಿಗೆ ಪಾಯಸ ಬರುವಾಗ ತೆಂಗಿನಮರಕ್ಕೆ ಕಟ್ಟಿದ್ದ ಸ್ಪೀಕರಿನಲ್ಲಿ ತುತ್ತೂರಿ ಮೊಳಗಿತು. ನಮ್ಮ ಕಡೆ ಹೆಣ ಸಾಗಿಸುವಾಗಲೂ ಬ್ಯಾಂಡಿನವರು ಇಂಥದ್ದೇ ತುತ್ತೂರಿ ಊದುತ್ತಾ ಮುಂದೆ ನಡೆಯುತ್ತಾರೆ. ಗಂಡನ ದೊಡ್ಡಪ್ಪ ಎಲೆ ಬಿಟ್ಟು ಎದ್ದರು. "ಹೆಣ ಎತ್ತೋಕೆ ಬಂದಿದೀವಾ ನಾವು? ಯಾರು ಹಾಕ್ಸಿದ್ದು ಇದನ್ನ?"

ಅಣ್ಣ ನನ್ನತ್ತ ಒಮ್ಮೆ ನೋಡಿದರು. ಗಂಡನ ಮನೆಯವರ ಮುಂದೆ ಮೊದಲ ದಿನವೇ ಹೆಸರು ಕೆಟ್ಟೀತೆಂಬ ಭಯ ನನಗೆ. ತಲೆ ತಗ್ಗಿಸಿ ಹೋಳಿಗೆ ಮುರಿಯುತ್ತಾ ಕೂತೆ. "ನಾನೇ ಸ್ವಾಮಿ, ತಿಳೀದೆ ಹಾಕ್ದೆ," ಅಂದರು ಅವರು. ಅಪ್ಪ ಎಲ್ಲರೆದುರು ಅವರನ್ನು ಬೈದು, ಊಟಕ್ಕೂ ಕೂರಿಸದೆ ಕಳಿಸಿದರು. ಅಣ್ಣ ಹಸಿದ ಹೊಟ್ಟೆಯಲ್ಲೇ ವೈರು ಸುತ್ತಿಕೊಂಡು ಹೋದರು. ಆಮೇಲೆ ಊರಿನ ಮದುವೆಗಳಿಗೆ ಅವರನ್ನು ಕರೆಯುವುದೇ ನಿಂತಿತು.

ತವರಿಗೆ ಹೋದಾಗೆಲ್ಲ ಅಂಗಡಿ ತಪ್ಪಿಸಿ ಹಿತ್ತಿಲ ಬಾಗಿಲಿನಿಂದ ಒಳಗೆ ಸೇರುತ್ತಿದ್ದೆ. ತಪ್ಪಾಯ್ತು ಅನ್ನಲು ನಾಲ್ಕು ಹೆಜ್ಜೆ ನಡೆದಿದ್ದರೆ ಸಾಕಿತ್ತು... ನನ್ನಿಂದ ಅಷ್ಟೂ ಆಗಲಿಲ್ಲ. ಎಂಥ ನಾಚಿಕೆಗೇಡು. ಒಂದು ಸಲ ಹೋದಾಗ ಅಂಗಡಿ ಮುಚ್ಚಿತ್ತು. ಅವರು ತೀರಿಕೊಂಡ ಸುದ್ದಿಯನ್ನು ಅಮ್ಮ ಹುರುಳಿಕಾಯಿ ಹೆಚ್ಚುತ್ತಾ ಹೇಳಿದಳು.

"ಹಿಡಿಸ್ಲಿಲ್ವಾ ಅಜ್ಜಿ? ತೆಗೀಲಾ?" ಮೊಮ್ಮಗಳು ನನ್ನ ಮುಖ ನೋಡಿ ಕೇಳಿದಳು.

"ಇರ್ಲಿ ಬಿಡು. ಅದನ್ನ ಹಾಕ್ಸಿದ್ದು ನಾನೇ," ಅಂದೆ.

ಅವಳಿಗೆ ಏನೂ ಅರ್ಥವಾಗಲಿಲ್ಲ. ಆ ಮಾತು ಕೇಳಿಸಿಕೊಳ್ಳಬೇಕಾಗಿದ್ದವರು ಈಗ ಯಾರೂ ಇಲ್ಲ.