ಜೀನ್ಸ್ ದಾರದ ಗೂಡು

ಮಗಳ ಹೊಸ ಜೀನ್ಸಿನ ಗಂಜಿ ವಾಸನೆಗೆ ರಾಯದುರ್ಗದ ನಮ್ಮ ಪಡಸಾಲೆ ನೆನಪಾಯಿತು. ಅಲ್ಲಿ ಅವ್ವ ಬಳ್ಳಾರಿಯಿಂದ ಬಂದ ಜೀನ್ಸ್ ತುಂಡುಗಳನ್ನು ಹೊಲಿಯುತ್ತಿದ್ದಳು. ಉದುರಿದ ನೀಲಿ ದಾರಗಳನ್ನು ಹೆಕ್ಕಿ ಸೂರಕ್ಕಿಯೊಂದು ಬಾಗಿಲ ಮುಂದಿನ ತಂತಿಗೆ ಗೂಡು ಕಟ್ಟಿತ್ತು. ಇಣುಕಲು ನಾನು ಸ್ಟೂಲು ಹತ್ತಿದೆ.

“ಇಳಿ. ಕಣ್ಣಿಗೆ ಕಣ್ಣು ಬಿದ್ರ ಹೆದರಿ ಗೂಡು ಬಿಡ್ತೈತಿ,” ಎಂದಳು ಅವ್ವ.

“ಮತ್ತ ನೀನ್ಯಾಕ ನೋಡ್ತೀಯವ್ವ?”

“ನಾನೆಲ್ಲಿ ನೋಡ್ತೀನಿ? ಸೂಜಿಗೆ ದಾರ ಹಾಕಾಕತ್ತೀನಿ.”

ಆಗಾಗ ಮಷೀನು ನಿಲ್ಲಿಸಿ, ಕೈಸೂಜಿಯನ್ನು ಬೆಳಕಿಗೆ, ಅಂದರೆ ಗೂಡಿನ ಕಡೆಗೇ ಹಿಡಿಯುತ್ತಿದ್ದಳು. ಅದರಲ್ಲಿ ದಾರ ಮೊದಲೇ ಇರುತ್ತಿತ್ತು. ಮರಿಗಳು ಹಾರುವವರೆಗೆ ನಾನೂ ಪಕ್ಕದಲ್ಲಿ ಕೂತು ಹಾಗೆಯೇ ದಾರ ಪೋಣಿಸಿದೆ.

ಇವತ್ತು ನಮ್ಮ ಬಾಲ್ಕನಿಯ ಗೂಡಿನ ಫೋಟೋ ತೆಗೆಯಲು ಮಗಳು ಕುರ್ಚಿ ಹತ್ತಿದ್ದಳು. ಇಳಿಸಿ, ಕೈಗೆ ಸೂಜಿ ದಾರ ಕೊಟ್ಟೆ.