ಏಳು ಜನರ ಗುಟ್ಟು

ಎರ್ಲೆನ್‌ಗ್ರುಂಡ್ ಅಂಥ ದೊಡ್ಡ ಊರೇನಲ್ಲ. ಎರಡು ದಿಬ್ಬಗಳ ನಡುವಿನ ತಗ್ಗಿನಲ್ಲಿ ನಲವತ್ತು ಮನೆ, ಒಂದು ಹಳ್ಳ, ಕೆಂಪು ಕಲ್ಲಿನ ಚರ್ಚು. ಮುನ್ನೂರು ವರ್ಷದ ಹಿಂದೆ ಮೂವತ್ತು ವರ್ಷದ ಯುದ್ಧ ಮುಗಿದಾಗ ಇಲ್ಲಿ ಹೊಗೆಯಾಡುತ್ತಿದ್ದದ್ದು ಮೂರೇ ಮನೆಯ ಒಲೆ. ಮತ್ತೆ ಜನ ಬಂದು ಸೇರಿದ ಮೇಲೆ ಹೊಲ ಅಳೆದು ಗಡಿಕಲ್ಲು ನೆಟ್ಟರು, ಅವನ್ನು ಕಾಯಲು ಏಳು ಜನರನ್ನು ನೇಮಿಸಿದರು. ಒಬ್ಬ ಸತ್ತರೆ ಇನ್ನೊಬ್ಬ. ಊರಿನ ಚರಿತ್ರೆಯೆಲ್ಲ ಆ ಏಳು ತಲೆಗಳಲ್ಲೇ ಇತ್ತು.

ಕೊನ್ರಾಡ್ ಹುಫ್‌ನಾಗೆಲ್ ಮೂವತ್ತೊಂದನೇ ವಯಸ್ಸಿಗೆ ಆ ಏಳರಲ್ಲಿ ಒಬ್ಬನಾದ. ಪ್ರತಿ ಕಲ್ಲಿನ ಬುಡದಲ್ಲಿ ಸುಟ್ಟ ಮಣ್ಣಿನ ಬಿಲ್ಲೆಗಳನ್ನು ಹೂತಿರುತ್ತಾರೆ. ಕಲ್ಲಿಗೊಂದು ಜೋಡಣೆ, ಆದರೆ ಎಲ್ಲಕ್ಕೂ ಒಂದೇ ಸೂತ್ರ. ಯಾರಾದರೂ ಕಲ್ಲು ಸರಿಸಿದರೆ, ಸೂತ್ರ ಗೊತ್ತಿದ್ದವರು ಅಗೆದು ನೋಡಿದಾಗ ಕಳ್ಳತನ ಬಯಲಾಗುತ್ತದೆ. ಆ ಸೂತ್ರವನ್ನು ಬರೆದಿಡುವಂತಿಲ್ಲ, ಹೆಂಡತಿಗೂ ಹೇಳುವಂತಿಲ್ಲ. ಅವನ ಹೆಂಡತಿ ಲೀನಾ ಕೇಳಿ ಕೇಳಿ ಸಾಕಾಗಿ, ಕೇಳುವುದನ್ನೇ ಬಿಟ್ಟು, ಒಂದು ದಿನ ತೀರಿಕೊಂಡಳು.

ಅವನಿಗೆ ಎಪ್ಪತ್ತಾಗುವ ಹೊತ್ತಿಗೆ ಏಳರಲ್ಲಿ ಉಳಿದವರು ಇಬ್ಬರೇ, ಕೊನ್ರಾಡ್ ಮತ್ತು ಲೊರೆನ್ಸ್ ಚಾಫ್. ಊರಿನ ಗಂಡಸರು ಯಾರೂ ಮುಂದೆ ಬರಲಿಲ್ಲ. ಬಂದವಳು ಮಾರ್ಗಿಟ್ ರೋಡೆಲ್. ಗಂಡ ಹೋದ ಮೇಲೆ ಒಬ್ಬಳೇ ಹೊಲ ಮಾಡುತ್ತಿದ್ದವಳು, ಬಿಯರ್ ಅಂಗಡಿಗೇ ಬಂದು ತನ್ನನ್ನು ಸೇರಿಸಿಕೊಳ್ಳಿ ಎಂದು ಕೇಳಿದಳು. ಕಾನೂನಿನ ಅಡ್ಡಿಯೇನೂ ಇರಲಿಲ್ಲ. ಅಡ್ಡಿ ಇದ್ದದ್ದು ಕೊನ್ರಾಡನ ನಾಲಿಗೆಯಲ್ಲಿ.

"ಹೆಂಗಸ್ರ ಹೊಟ್ಟೇಲಿ ಗುಟ್ಟು ಎಷ್ಟೊತ್ತು ಇರತ್ತಮ್ಮಾ? ತಿಂದಿದ್ದು ಅರಗೋವರ್ಗೆ," ಅಂದ.

ಅಂಗಡಿಗೆ ಅಂಗಡಿಯೇ ನಕ್ಕಿತು. ಮಾರ್ಗಿಟ್ ಅರ್ಧ ತುಂಬಿದ ಲೋಟ ಬಿಟ್ಟು ಹೊರಟುಹೋದಳು.

ಮುಂದೆ ಲೊರೆನ್ಸನೂ ಸತ್ತ. ಗುಂಡಿಗೆ ಮಣ್ಣು ಹಾಕುವಾಗ ಕೊನ್ರಾಡನಿಗೆ ನಿಜಕ್ಕೂ ದಿಗಿಲಾಯಿತು. ನಾಳೆ ತಾನು ಮಲಗಿದರೆ ಮುನ್ನೂರು ವರ್ಷದ ಗುಟ್ಟು ತನ್ನ ಜೊತೆಗೇ ಮಣ್ಣಾಗುತ್ತದೆ. ಆದರೂ ಮರ್ಯಾದೆ ಬಿಟ್ಟು ಮಾರ್ಗಿಟ್‌ಳ ಬಾಗಿಲು ತಟ್ಟಲು ಅವನಿಗೆ ಇನ್ನೂ ನಾಲ್ಕು ವರ್ಷ ಬೇಕಾಯಿತು. ಅಷ್ಟರಲ್ಲಿ ಎಂಬತ್ತಾಗಿತ್ತು; ಒಲೆಯ ಮೇಲಿಟ್ಟ ಆಲೂಗಡ್ಡೆ ಮರೆತು ಹೊತ್ತಿಸುವುದು, ನೆರೆಯವನನ್ನು ಅವನಪ್ಪನ ಹೆಸರಿನಿಂದ ಕರೆಯುವುದು ಶುರುವಾಗಿತ್ತು.

"ಹೆಂಗಸ್ರ ಹೊಟ್ಟೆ ಈಗ ದೊಡ್ಡದಾಯ್ತಾ, ಕೊನ್ರಾಡಣ್ಣ?" ಅಂದಳು ಮಾರ್ಗಿಟ್. ಅಂದರೂ ಗುಟ್ಟು ಕಾಯುವ ಪ್ರಮಾಣ ಮಾಡಿದಳು.

ಏಪ್ರಿಲ್‌ನ ಒಂದು ಬೆಳಿಗ್ಗೆ ಇಬ್ಬರೂ ಗುದ್ದಲಿ ಹಿಡಿದು ದಿಬ್ಬ ಹತ್ತಿದರು. ಮೊದಲನೇ ಕಲ್ಲಿನ ಬದಿಯಲ್ಲಿ ಮಾರ್ಗಿಟ್ ಅಗೆದಳು. ಮೂರು ಬಿಲ್ಲೆ ಕಾಣಿಸಿದವು. ಕೊನ್ರಾಡ್ ಮಂಡಿಯೂರಿ ನೋಡಿದ. ಬಾಯಿ ತೆರೆದ. ಏನೂ ಬರಲಿಲ್ಲ. ಅಂದು ತನಗೆ ಹೇಳಿಕೊಟ್ಟ ಮುದುಕನ ಹೊಗೆಸೊಪ್ಪಿನ ವಾಸನೆ ನೆನಪಾಯಿತು, ಅವನ ಕೋಟಿನ ಗುಂಡಿ ನೆನಪಾಯಿತು. ಅವನು ಹೇಳಿದ ಸೂತ್ರ ಮಾತ್ರ ಇಲ್ಲ.

ಕೊನೆಗೆ ಕಣ್ಣೆದುರು ಕಂಡದ್ದನ್ನೇ ಸೂತ್ರವೆಂದು ಹೇಳಿಬಿಟ್ಟ. ಯಾವಾಗಲೂ ಮೂರು, ನಡುವಿನದು ಚರ್ಚಿನ ಕಡೆಗೆ. ಮಾರ್ಗಿಟ್ ಕಣ್ಣು ಮುಚ್ಚಿ ಮೂರು ಸಲ ಹೇಳಿಕೊಂಡಳು, ಪ್ರಾರ್ಥನೆ ಹೇಳುವ ಹಾಗೆ. ಅವನಿಗೆ ಸತ್ತುಹೋಗೋಣ ಅನ್ನಿಸಿತು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಅವಳೇ ಇನ್ನೊಂದು ಕಲ್ಲು ನೋಡೋಣ ಅಂದಳು, ಬೇಡವೆನ್ನಲು ಅವನಿಗೆ ನೆಪ ಸಿಗಲಿಲ್ಲ. ಎರಡನೆಯ ಕಲ್ಲಿನ ಬುಡದಲ್ಲಿದ್ದದ್ದು ನಾಲ್ಕು ಬಿಲ್ಲೆ. ಒಂದೂ ಚರ್ಚಿನ ಕಡೆಗಿರಲಿಲ್ಲ.

ಮಾರ್ಗಿಟ್ ಬಿಲ್ಲೆಗಳನ್ನು ನೋಡಿದಳು, ಆಮೇಲೆ ಅವನ ಮುಖ ನೋಡಿದಳು. ನಂತರ ಕೈಯಿಂದಲೇ ಮಣ್ಣು ಮುಚ್ಚಿ, ಮೇಲಿನ ಹುಲ್ಲನ್ನು ಸರಿಯಾಗಿ ಕೂರಿಸಿ, ಅಂಗೈಯಿಂದ ತಟ್ಟಿದಳು.

"ಎಲ್ಲಾ ಸರಿಯಾಗಿದೆ, ಕೊನ್ರಾಡಣ್ಣ. ಏಳಿ, ತಂಡಿ ಇದೆ."

ಸಂಜೆ ಬಿಯರ್ ಅಂಗಡಿಯಲ್ಲಿ ಯಾರೋ ಗುಟ್ಟು ಸಿಕ್ಕಿತೇ ಎಂದು ಅವಳನ್ನು ಕೆಣಕಿದರು. ಸಿಕ್ಕಿತು, ಹೇಳುವ ಹಾಗಿಲ್ಲ ಎಂದು ಅವಳು ಲೋಟ ಎತ್ತಿದಳು. ಮೂಲೆಯ ಬೆಂಚಿನಲ್ಲಿದ್ದ ಕೊನ್ರಾಡ್ ತಲೆ ಎತ್ತಲಿಲ್ಲ. ಆಮೇಲೆ ಅವನು ಎರಡು ವರ್ಷ ಬದುಕಿದ್ದ. ಅವನಿಗೆ ಸೂತ್ರ ಮರೆತಿದೆ ಎಂಬ ಮಾತು ಅವಳ ಬಾಯಿಂದ ಒಂದು ದಿನವೂ ಹೊರಬೀಳಲಿಲ್ಲ.